ಮೂಳೆಗಳನ್ನು ಓದಿದ ವಿಜ್ಞಾನಿ ಜಾರ್ಜ್ ಕುವಿಯೆ



ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ನೀವು ಆನೆಯನ್ನು ನೋಡಿರಬಹುದು. ಆದರೆ ಅದರ ಬಾಯೊಳಗಿನ ದವಡೆ ಹಲ್ಲನ್ನು ಕಂಡವರು ಕಡಿಮೆ. ಆ ಹಲ್ಲನ್ನು ಪುಸ್ತಕದಂತೆ ಓದಿ, ಭೂಮಿಯ ಹಳೆಯ ಚರಿತ್ರೆಗೆ ಬಾಗಿಲು ತೆರೆದವರು ಜಾರ್ಜ್ ಕುವಿಯೆ.

ಅವರು 1769ರ ಆಗಸ್ಟ್ 23ರಂದು ಮೊಂಬೆಲ್ಯಾರ್ ಎಂಬ ಊರಿನಲ್ಲಿ ಜನಿಸಿದರು. ಇಂದು ಫ್ರಾನ್ಸಿನಲ್ಲಿರುವ ಆ ಊರು ಆಗ ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನಕ್ಕೆ ಸೇರಿತ್ತು. ತಂದೆ ನಿವೃತ್ತ ಸೈನಿಕ. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ತಾಯಿಗೆ ಲ್ಯಾಟಿನ್ ಭಾಷೆ ತಿಳಿಯದು. ಆದರೂ ಮಗನನ್ನು ಎದುರಿಗೆ ಕೂರಿಸಿಕೊಂಡು ಲ್ಯಾಟಿನ್ ಪಾಠ ಒಪ್ಪಿಸಿಕೊಳ್ಳುತ್ತಿದ್ದರು, ಚಿತ್ರ ಬರೆಯುವುದನ್ನೂ ಕಲಿಸಿದರು. ಹೆಚ್ಚು ಓದಿಲ್ಲವೆಂದು ಹಿಂಜರಿಯುವ ನಮ್ಮ ತಾಯಂದಿರು ಇದನ್ನು ಗಮನಿಸಬೇಕು.

ಸ್ಟುಟ್‌ಗಾರ್ಟ್‌ನಲ್ಲಿ ಓದು ಮುಗಿದಾಗ ಕೈಯಲ್ಲಿ ಕೆಲಸವಿರಲಿಲ್ಲ. 1788ರಲ್ಲಿ ನಾರ್ಮಂಡಿಯ ಶ್ರೀಮಂತರ ಮನೆಯೊಂದರಲ್ಲಿ ಮಗುವಿಗೆ ಪಾಠ ಹೇಳುವ ಶಿಕ್ಷಕರಾದರು. ಬಿಡುವಿನಲ್ಲಿ ಸಮುದ್ರತೀರದ ಜೀವಿಗಳನ್ನು ಕೊಯ್ದು ನೋಡಿ, ಚಿತ್ರ ಬರೆದಿಟ್ಟರು. ಆ ಟಿಪ್ಪಣಿಗಳೇ ಅವರನ್ನು 1795ರಲ್ಲಿ ಪ್ಯಾರಿಸ್‌ನ ವಸ್ತುಸಂಗ್ರಹಾಲಯಕ್ಕೆ ಕರೆತಂದವು.

ಮರುವರ್ಷವೇ, 26ರ ಹರೆಯದಲ್ಲಿ, ವಿದ್ವಾಂಸರ ಸಭೆಯಲ್ಲಿ ಆನೆಗಳ ಕುರಿತು ಪ್ರಬಂಧ ಓದಿದರು. ಏಷ್ಯಾದ ಆನೆಯ ದವಡೆ ಹಲ್ಲಿನ ಮೇಲೆ ಒತ್ತೊತ್ತಾಗಿ ಸಾಲುಗೆರೆಗಳಿವೆ. ಆಫ್ರಿಕಾದ ಆನೆಯ ಹಲ್ಲಿನಲ್ಲಿ ಅವು ವಜ್ರಾಕೃತಿಯಲ್ಲಿವೆ. ಆದ್ದರಿಂದ ಇವೆರಡೂ ಬೇರೆ ಬೇರೆ ಪ್ರಭೇದಗಳು. ಸೈಬೀರಿಯಾದ ನೆಲದಲ್ಲಿ ಸಿಕ್ಕ ಮ್ಯಾಮತ್‌ನ ಹಲ್ಲು, ದವಡೆಗಳು ಈ ಎರಡಕ್ಕೂ ಹೊಂದುವುದಿಲ್ಲ. ಹಾಗಾದರೆ ಆ ಪ್ರಾಣಿ ಎಲ್ಲಿ ಹೋಯಿತು? ಭೂಮಿಯಿಂದಲೇ ಅಳಿದುಹೋಗಿದೆ ಎಂದರು ಕುವಿಯೆ. ಒಂದು ಜೀವಿ ಸಂಪೂರ್ಣವಾಗಿ ನಶಿಸಬಲ್ಲದು ಎಂಬುದನ್ನು ಒಪ್ಪಲು ಆಗ ಅನೇಕರು ಸಿದ್ಧರಿರಲಿಲ್ಲ. ಅದೇ ವರ್ಷ ದಕ್ಷಿಣ ಅಮೆರಿಕದ ಆನೆಗಾತ್ರದ ಅಸ್ಥಿಪಂಜರವೊಂದರ ಚಿತ್ರಗಳನ್ನು ನೋಡಿ, ಅದು ಮರದಲ್ಲಿ ನೇತಾಡುವ ಸ್ಲಾತ್‌ನ ಸಂಬಂಧಿ ಎಂದು ಗುರುತಿಸಿ, ಮೆಗಾಥೀರಿಯಂ ಎಂದು ಹೆಸರಿಟ್ಟರು.

ದೇಹದ ಅಂಗಗಳೆಲ್ಲ ಒಂದಕ್ಕೊಂದು ಹೊಂದಿಕೊಂಡಿರುತ್ತವೆ ಎಂಬುದು ಅವರ ಸೂತ್ರ. ಮಾಂಸ ಹರಿಯುವ ಹಲ್ಲಿದ್ದರೆ ಕಾಲಲ್ಲಿ ಉಗುರು ಇರಬೇಕು, ಗೊರಸಲ್ಲ. ಪ್ಯಾರಿಸ್‌ನ ಮೊಂಮಾರ್ತ್ರ್ ಜಿಪ್ಸಮ್ ಗಣಿಯಲ್ಲಿ ಸಿಕ್ಕ ಪುಟ್ಟ ಪಳೆಯುಳಿಕೆಯೊಂದರ ಹಲ್ಲು ನೋಡಿ, ಇದು ಹೊಟ್ಟೆಚೀಲದ ಪ್ರಾಣಿ, ಒಪೊಸಮ್‌ನ ಬಳಗದ್ದು ಎಂದರು. ಹಾಗಿದ್ದರೆ ಸೊಂಟದ ಮುಂದೆ ಎರಡು ವಿಶೇಷ ಮೂಳೆಗಳು ಇರಲೇಬೇಕು. ಸಾಕ್ಷಿಗಳ ಎದುರಿಗೆ ಕಲ್ಲನ್ನು ಮೆಲ್ಲಗೆ ಕೆರೆದರು. ಮೂಳೆಗಳು ಅಲ್ಲೇ ಇದ್ದವು!

ಆದರೆ ಇಂಥ ಮಹಾ ವಿದ್ವಾಂಸರೂ ಎಡವಿದರು. ಜೀವಿಗಳು ಕಾಲಕ್ರಮದಲ್ಲಿ ಬದಲಾಗುತ್ತವೆ ಎಂಬ ಲಾಮಾರ್ಕ್ ಅವರ ಮಾತನ್ನು ಕುವಿಯೆ ಒಪ್ಪಲಿಲ್ಲ. ಈಜಿಪ್ಟಿನಿಂದ ಬಂದ ಐಬಿಸ್ ಹಕ್ಕಿಯ ಮಮ್ಮಿಯೂ ಇಂದಿನ ಐಬಿಸ್ ಹಕ್ಕಿಯೂ ಒಂದೇ ರೀತಿ ಇರುವುದನ್ನು ಸಾಕ್ಷಿಯಾಗಿಟ್ಟರು. ಭೂಮಿಯ ಆಯುಷ್ಯದಲ್ಲಿ ಕೆಲವು ಸಾವಿರ ವರ್ಷ ಕಣ್ಣು ಮಿಟುಕಿಸುವಷ್ಟೇ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇದಕ್ಕಿಂತ ದೊಡ್ಡ ಕಳಂಕ ಇನ್ನೊಂದು. ಯೂರೋಪಿನಲ್ಲಿ ಪ್ರದರ್ಶನದ ವಸ್ತುವಾಗಿದ್ದ ದಕ್ಷಿಣ ಆಫ್ರಿಕಾದ ಸಾರಾ ಬಾರ್ಟ್‌ಮನ್ ಎಂಬ ಮಹಿಳೆ ತೀರಿಕೊಂಡಾಗ, ಆಕೆಯ ದೇಹವನ್ನು ಕೊಯ್ದು, ಆಕೆಯ ಜನಾಂಗವನ್ನೇ ಕೀಳೆಂದು ಬರೆದರು. ಆಕೆಯ ಅವಶೇಷಗಳು ಸ್ವದೇಶದ ಮಣ್ಣು ಸೇರಿದ್ದು 2002ರಲ್ಲಿ. ಕರುಣೆಯಿಲ್ಲದ ಇಲ್ಮ್ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಕುವಿಯೆ 1832ರ ಮೇ 13ರಂದು ನಿಧನರಾದರು. ಅವರ ನಾಲ್ವರು ಮಕ್ಕಳೂ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಅವರು ಜೋಡಿಸಿಟ್ಟ ಮೂಳೆಗಳು ಮಾತ್ರ ಉಳಿದವು. 1859ರಲ್ಲಿ ಡಾರ್ವಿನ್ ಗ್ರಂಥ ಬಂದ ನಂತರ, ಕುವಿಯೆ ಒಪ್ಪದ ವಿಕಾಸಕ್ಕೆ ಅವರದೇ ಪಳೆಯುಳಿಕೆಗಳ ವಿದ್ಯೆ ಸಾಕ್ಷಿಯಾಯಿತು. 2006ರಲ್ಲಿ ಪ್ರಕಟವಾದ ಡಿ.ಎನ್.ಎ. ಅಧ್ಯಯನಗಳು, ಮ್ಯಾಮತ್‌ಗೆ ಆಫ್ರಿಕಾದ ಆನೆಗಿಂತ ನಮ್ಮ ಏಷ್ಯಾದ ಆನೆಯೇ ಹತ್ತಿರದ ಬಂಧು ಎಂದು ತೋರಿಸಿದವು.

ಓದುಗರೇ, ವಿಕಾಸದ ಪಾಠ ಬಂದಾಗ ಪುಟ ಮಗುಚಿ ಮುಂದಕ್ಕೆ ಹೋಗುವ ಶಿಕ್ಷಕರು ನಮ್ಮಲ್ಲಿದ್ದಾರೆ. ಬೇಡವೆನ್ನುವ ಪೋಷಕರೂ ಇದ್ದಾರೆ. ದಯವಿಟ್ಟು ಆ ಪುಟ ಮಗುಚಬೇಡಿ. ಸೃಷ್ಟಿಯನ್ನು ಕಣ್ಣು ತೆರೆದು ನೋಡುವುದರಿಂದ ಈಮಾನ್ ಕುಗ್ಗುವುದಿಲ್ಲ. ಮಗು ಪ್ರಶ್ನೆ ಕೇಳಲಿ, ಸಾಕ್ಷ್ಯವನ್ನು ತೂಗಿ ನೋಡಲಿ. ಹೆಸರಾಂತ ವಿದ್ವಾಂಸರೂ ತಪ್ಪಬಹುದು ಎಂಬುದನ್ನು ಕುವಿಯೆಯವರ ಬದುಕಿನಿಂದಲೇ ಕಲಿಯಲಿ.