ಫೋರ್ ಟ್ವೆಂಟಿ, ತ್ರೀ ನಾಟ್ ಟೂ: ಈ ಸೆಕ್ಷನ್‌ಗಳ ಹಿಂದಿದ್ದ ಮೆಕಾಲೆ ಯಾರು?

ಯಾರಾದರೂ ದುಡ್ಡು ತಗೊಂಡು ಕೈ ಎತ್ತಿಬಿಟ್ಟರೆ ಊರಲ್ಲಿ ಇವತ್ತಿಗೂ ಅವನನ್ನು ಫೋರ್ ಟ್ವೆಂಟಿ ಅಂತಲೇ ಬೈಯೋದು. ಕೊಲೆ ಕೇಸು ಅಂದರೆ ತ್ರೀ ನಾಟ್ ಟೂ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಮೋಸದ ಸೆಕ್ಷನ್ 318 ಆಯಿತು, ಕೊಲೆಯದ್ದು 103 ಆಯಿತು. ಎಫ್‌ಐಆರ್‌ನಲ್ಲಿ ನಂಬರ್ ಬದಲಾಯಿತು, ಜನರ ಬಾಯಲ್ಲಿ ಮಾತ್ರ ಹಳೆಯದೇ ಉಳಿದಿದೆ.

ಆ ಹಳೆಯ ದಂಡ ಸಂಹಿತೆಗೆ, ಅಂದರೆ ಐಪಿಸಿಗೆ ಅಡಿಪಾಯ ಹಾಕಿದವನು ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ. ಇಂಗ್ಲಿಷ್ ಶಿಕ್ಷಣ ತಂದವನು ಅಂತ ಎಲ್ಲರಿಗೂ ಗೊತ್ತು, ಆ ಕಾರಣಕ್ಕೆ ಬೈಯುವವರೂ ಇದ್ದಾರೆ. ಆದರೆ ಪೊಲೀಸ್ ಠಾಣೆ, ಕೋರ್ಟು, ಜೈಲಿನ ಮೇಲೆ ಅವನು ಬಿಟ್ಟುಹೋದ ಗುರುತು ಅದಕ್ಕಿಂತ ಸಣ್ಣದೇನಲ್ಲ.

ಅಂಗಡಿ ಕಳ್ಳತನಕ್ಕೂ ಗಲ್ಲು ಇದ್ದ ಕಾಲ

ಮೆಕಾಲೆ ಹುಟ್ಟಿದ್ದು 1800ರ ಅಕ್ಟೋಬರ್ 25ರಂದು, ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ. ತಂದೆ ಜಕಾರಿ ಮೆಕಾಲೆ ಗುಲಾಮಗಿರಿಯ ವಿರುದ್ಧ ಹೋರಾಡಿದವರು. ಮಗ ಹುಡುಗನಾಗಿದ್ದ ಕಾಲಕ್ಕೆ ಆ ದೇಶದಲ್ಲಿ 200ಕ್ಕೂ ಹೆಚ್ಚು ಅಪರಾಧಗಳಿಗೆ ಮರಣದಂಡನೆ ಇತ್ತು. ಅಂಗಡಿಯಿಂದ ಐದು ಶಿಲ್ಲಿಂಗ್ ಬೆಲೆಯ ಮಾಲು ಎತ್ತಿಕೊಂಡು ಹೋದವನಿಗೂ ಗಲ್ಲು ಶಿಕ್ಷೆ ವಿಧಿಸಬಹುದಿತ್ತು. ಇಷ್ಟು ಕಠಿಣ ಶಿಕ್ಷೆ ಇದ್ದರೂ ಕಳ್ಳತನವೇನೂ ನಿಂತಿರಲಿಲ್ಲ.

ಕೇಂಬ್ರಿಡ್ಜ್‌ನಲ್ಲಿ ಓದಿದ ಮೆಕಾಲೆ 1826ರಲ್ಲಿ ವಕೀಲನಾದ. ಆದರೆ ಕೋರ್ಟಿನಲ್ಲಿ ವಾದ ಮಾಡಿದ್ದು ಕಡಿಮೆ. ಅವನ ಕೈ ಹಿಡಿದದ್ದು ಬರವಣಿಗೆ ಮತ್ತು ರಾಜಕೀಯ. 1830ರಲ್ಲಿ ಪಾರ್ಲಿಮೆಂಟ್ ಸೇರಿದ. 1833ರ ಚಾರ್ಟರ್ ಕಾಯ್ದೆಯಲ್ಲಿ ಗವರ್ನರ್ ಜನರಲ್ ಮಂಡಳಿಗೆ ಕಾನೂನು ಸದಸ್ಯನ ಹೊಸ ಹುದ್ದೆ ಸೃಷ್ಟಿಯಾದಾಗ ಅದು ಇವನ ಪಾಲಾಯಿತು. ಸಂಬಳ ವರ್ಷಕ್ಕೆ 10,000 ಪೌಂಡ್. ಮನೆಯ ಹಣಕಾಸು ಕುಸಿದಿತ್ತು, ಹಾಗಾಗಿ ಭಾರತಕ್ಕೆ ಹೊರಟು ನಿಂತ.

ಬೆಂಗಳೂರು, ಮೈಸೂರು ದಾರಿಯಲ್ಲಿ

1834ರ ಜೂನ್‌ನಲ್ಲಿ ಮದರಾಸಿನಲ್ಲಿ ಇಳಿದಾಗ ಗವರ್ನರ್ ಜನರಲ್ ಬೆಂಟಿಂಕ್ ಊಟಿಯಲ್ಲಿದ್ದರು. ಮೆಕಾಲೆ ಪಲ್ಲಕ್ಕಿಯಲ್ಲಿ ಹೊರಟು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ಊಟಿ ತಲುಪಿದ. ಶ್ರೀರಂಗಪಟ್ಟಣದ ಹೆಸರು ಅವನಿಗೆ ಬಾಲ್ಯದಿಂದಲೇ ಗೊತ್ತು. ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಟಿಪ್ಪುವಿನ ಕಾಲದಲ್ಲಿ ನಾಲ್ಕು ವರ್ಷ ಅಲ್ಲಿ ಸೆರೆಯಲ್ಲಿದ್ದವರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರನ್ನು ಭೇಟಿಯಾದ. ಅದಕ್ಕೆ ಮೂರು ವರ್ಷ ಮೊದಲೇ, 1831ರಲ್ಲಿ, ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದರು.

ಒಂದೇ ತಪ್ಪು, ಊರಿಗೊಂದು ಶಿಕ್ಷೆ

ಆಗ ಕಂಪನಿ ಆಳ್ವಿಕೆಯಲ್ಲಿ ಕಾನೂನು ಅನ್ನೋದು ಒಂದೇ ಇರಲಿಲ್ಲ. ಮೊಗಲರ ಕಾಲದಿಂದ ಬಂದ ಇಸ್ಲಾಮಿಕ್ ದಂಡನೀತಿ, ಅದರ ಮೇಲೆ ಕಂಪನಿಯ ತಿದ್ದುಪಡಿ, ಬೊಂಬಾಯಿಗೆ ಅದರದ್ದೇ ಬೇರೆ ರೆಗ್ಯುಲೇಷನ್. ಬಂಗಾಳದಲ್ಲಿ ಸುಳ್ಳು ಸಾಕ್ಷಿಗಿಂತ ದೊಡ್ಡ ಮಟ್ಟದ ಫೋರ್ಜರಿಗೆ ಎರಡರಷ್ಟು ಜೈಲು. ಬೊಂಬಾಯಿಯಲ್ಲಿ ಇದು ಉಲ್ಟಾ, ಸುಳ್ಳು ಸಾಕ್ಷಿಗೇ ಎರಡರಷ್ಟು. ಮದರಾಸಿನಲ್ಲಿ ಎರಡಕ್ಕೂ ಸಮ. ಕನ್ನಡ ನಾಡು ಕೂಡ ಹೀಗೆ ಹಂಚಿಹೋಗಿತ್ತು. ಧಾರವಾಡ ಬೊಂಬಾಯಿಗೆ, ಬಳ್ಳಾರಿ ಮತ್ತು ಮಂಗಳೂರು ಮದರಾಸಿಗೆ. ಒಂದೇ ತಪ್ಪಿಗೆ ಧಾರವಾಡದವನಿಗೆ ಒಂದು ಶಿಕ್ಷೆ, ಬಳ್ಳಾರಿಯವನಿಗೆ ಇನ್ನೊಂದು.

1835ರಲ್ಲಿ ಮೆಕಾಲೆ ಅಧ್ಯಕ್ಷತೆಯಲ್ಲಿ ಮೊದಲ ಕಾನೂನು ಆಯೋಗ ಕೆಲಸ ಶುರು ಮಾಡಿತು. ಉಳಿದ ಸದಸ್ಯರು ಮೇಲಿಂದ ಮೇಲೆ ಕಾಯಿಲೆ ಬಿದ್ದರು. ಕೆಲಸದ ಬಹುಪಾಲು ಮೆಕಾಲೆಯ ಹೆಗಲಿಗೇ ಬಿತ್ತು. 1837ರ ಅಕ್ಟೋಬರ್‌ನಲ್ಲಿ ಕರಡು ಸಲ್ಲಿಕೆಯಾಯಿತು.

ಅದರಲ್ಲಿ ಮರಣದಂಡನೆ ಇದ್ದದ್ದು ಎರಡಕ್ಕೆ ಮಾತ್ರ: ಕೊಲೆ ಮತ್ತು ರಾಜ್ಯದ ವಿರುದ್ಧದ ಅತಿ ದೊಡ್ಡ ಅಪರಾಧ. ಛಡಿ ಏಟಿನ ಶಿಕ್ಷೆಯನ್ನು ಸೇರಿಸಲಿಲ್ಲ. ಜೈಲುಗಳ ಸ್ಥಿತಿ ಸರಿಯಿಲ್ಲದಿದ್ದರೆ ಎಷ್ಟೇ ಒಳ್ಳೆಯ ಕಾನೂನು ಬರೆದರೂ ವ್ಯರ್ಥ ಅನ್ನೋದು ಅವನ ವಾದ. ಅವನ ಸಲಹೆಯಂತೆ ಜೈಲು ಸುಧಾರಣೆಗೆ ಸಮಿತಿ ರಚನೆಯಾಗಿ 1838ರಲ್ಲಿ ವರದಿ ಬಂತು.

ಅಂಗಡಿಯವರಿಗೂ ಅರ್ಥವಾಗುವ ಉದಾಹರಣೆ

ಸೆಕ್ಷನ್ ಕೆಳಗೇ ಉದಾಹರಣೆ ಕೊಡುವ ಪದ್ಧತಿ ಮೆಕಾಲೆಯದ್ದು. ಕಳ್ಳತನದ ಸೆಕ್ಷನ್‌ನಲ್ಲಿ ರಿಪೇರಿಗೆ ಕೊಟ್ಟ ಗಡಿಯಾರದ ಉದಾಹರಣೆ ಬರುತ್ತದೆ. ಏನೂ ಬಾಕಿ ಇಲ್ಲದ ಗಿರಾಕಿ ತನ್ನ ಗಡಿಯಾರವನ್ನು ಅಂಗಡಿಯವನ ಕೈಯಿಂದ ಬಲವಂತವಾಗಿ ಕಿತ್ತುಕೊಂಡು ಹೋದರೂ ಅದು ಕಳ್ಳತನವಲ್ಲ, ಬೇರೆ ಅಪರಾಧ ಆಗಬಹುದು ಅಷ್ಟೇ. ಆದರೆ ರಿಪೇರಿ ದುಡ್ಡು ಬಾಕಿ ಇದ್ದು, ಅದಕ್ಕೆ ಅಡವಾಗಿ ಅಂಗಡಿಯವನು ಗಡಿಯಾರ ಇಟ್ಟುಕೊಂಡಿದ್ದರೆ, ಅದನ್ನು ತಪ್ಪಿಸಲೆಂದು ಎತ್ತಿಕೊಂಡು ಹೋದವನು ತನ್ನ ಮಾಲನ್ನು ತಾನೇ ಕದ್ದ ಹಾಗೆ.

ಹಾಗಂತ ಚಿಕ್ಕಪುಟ್ಟದ್ದಕ್ಕೆಲ್ಲ ಕೇಸು ಆಗಬಾರದು. ಬೇರೆಯವರ ಶಾಯಿಯಲ್ಲಿ ಪೆನ್ನು ಅದ್ದಿದ್ದು, ಕುದುರೆ ಓಡಿಸುವಾಗ ಪಕ್ಕದವನ ಮೇಲೆ ಧೂಳು ಎಬ್ಬಿಸಿದ್ದು ಇವೆಲ್ಲ ಅಕ್ಷರಶಃ ನೋಡಿದರೆ ಅಪರಾಧವೇ, ಆದರೆ ಕೋರ್ಟಿಗೆ ತರುವಂಥದ್ದಲ್ಲ ಅಂತ ಕರಡಿನ ಟಿಪ್ಪಣಿಯಲ್ಲೇ ವಿವರಿಸಿದ್ದ. ಅದೇ ಐಪಿಸಿ 95 ಆಗಿ, ಈಗ ನ್ಯಾಯ ಸಂಹಿತೆಯ 33ನೇ ಸೆಕ್ಷನ್ ಆಗಿ ಉಳಿದಿದೆ.

ತನ್ನವರಿಂದಲೇ ಬೈಸಿಕೊಂಡ

1836ರಲ್ಲಿ ಬಂದ ಒಂದು ಕಾಯ್ದೆ ಕಲ್ಕತ್ತದ ಇಂಗ್ಲಿಷರನ್ನು ಕೆರಳಿಸಿತು. ಹಳ್ಳಿಗಾಡಿನಲ್ಲಿ ನೆಲೆಸಿದ್ದ ಬಿಳಿಯರು ಸಿವಿಲ್ ವ್ಯಾಜ್ಯದಲ್ಲಿ ನೇರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗುವ ವಿಶೇಷ ಹಕ್ಕನ್ನು ಅದು ತೆಗೆದುಹಾಕಿತು. ಭಾರತೀಯರು ಹೋಗುವ ಸದರ್ ಕೋರ್ಟಿಗೇ ಅವರೂ ಹೋಗಬೇಕಾಯಿತು. ಅವರು ಅದನ್ನು ಕಪ್ಪು ಕಾಯ್ದೆ ಅಂತ ಕರೆದು ಸಭೆ ಮಾಡಿದರು, ಪತ್ರಿಕೆಗಳಲ್ಲಿ ಮೆಕಾಲೆಯನ್ನು ಹೀನಾಯವಾಗಿ ಬೈದರು. ಅವನು ಪತ್ರಿಕೆಗಳ ಬಾಯಿ ಮುಚ್ಚಿಸಲು ಹೋಗಲಿಲ್ಲ. 1835ರಲ್ಲಿ ಪತ್ರಿಕಾ ಸ್ವಾತಂತ್ರ್ಯದ ಕಾಯ್ದೆಯನ್ನು ಬೆಂಬಲಿಸಿದವನೇ ಅವನು.

ಹಾಗಂತ ಅವನು ಸಮಾನತೆಯ ಹರಿಕಾರನೇನಲ್ಲ. ಸಂಸ್ಕೃತ, ಅರಬ್ಬಿ ಸಾಹಿತ್ಯದ ಬಗ್ಗೆ ಅವನಿಗಿದ್ದ ತಿರಸ್ಕಾರ 1835ರ ಶಿಕ್ಷಣ ಟಿಪ್ಪಣಿಯಲ್ಲಿ ದಾಖಲಾಗಿದೆ. ಗಂಡ ಹೆಂಡತಿಯ ಮೇಲೆ ಮಾಡುವ ಬಲಾತ್ಕಾರವನ್ನು ಅತ್ಯಾಚಾರದಿಂದ ಹೊರಗಿಟ್ಟದ್ದೂ ಅವನ ಕರಡೇ. ಆ ವಿನಾಯಿತಿ ಹೊಸ ಸಂಹಿತೆಯಲ್ಲೂ ಉಳಿದುಕೊಂಡಿದೆ.

ಜಾರಿಯಾದದ್ದನ್ನು ನೋಡಲಿಲ್ಲ

1838ರಲ್ಲಿ ಮೆಕಾಲೆ ತಾಯ್ನಾಡಿಗೆ ವಾಪಸ್ಸಾದ. ಇಂಗ್ಲೆಂಡಿನ ಇತಿಹಾಸ ಬರೆದು ಹೆಸರು ಮಾಡಿದ, 1857ರಲ್ಲಿ ಲಾರ್ಡ್ ಆದ. ಇತ್ತ ಕರಡು ಎರಡು ದಶಕ ಕಡತದಲ್ಲೇ ಕೊಳೆಯಿತು. 1857ರ ದಂಗೆಯ ನಂತರ ಅದಕ್ಕೆ ಚುರುಕು ಬಂತು. ಬಾರ್ನ್ಸ್ ಪೀಕಾಕ್ ತಿದ್ದಿದ ರೂಪ 511 ಸೆಕ್ಷನ್‌ಗಳೊಂದಿಗೆ 1860ರ ಅಕ್ಟೋಬರ್ 6ರಂದು ಕಾಯ್ದೆಯಾಗಿ, 1862ರ ಜನವರಿ 1ರಂದು ಜಾರಿಗೆ ಬಂತು. ಮೆಕಾಲೆ 1859ರ ಡಿಸೆಂಬರ್ 28ರಂದೇ ತೀರಿಕೊಂಡಿದ್ದ. ಮದುವೆಯಾಗಿರಲಿಲ್ಲ.

ತಿದ್ದುಪಡಿಯಲ್ಲಿ ಅವನು ಬೇಡವೆಂದದ್ದೂ ಸೇರಿಕೊಂಡಿತು. ವ್ಯಭಿಚಾರವನ್ನು ಅವನ ಕರಡು ಅಪರಾಧ ಅಂದಿರಲಿಲ್ಲ, 1860ರಲ್ಲಿ 497ನೇ ಸೆಕ್ಷನ್ ಆಗಿ ಬಂತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ರದ್ದು ಮಾಡಿತು. ಕರಿನೀರಿನ ಶಿಕ್ಷೆಯ ವಿಷಯದಲ್ಲಿ ಯುರೋಪಿಯನ್ನರಿಗೆ 56ನೇ ಸೆಕ್ಷನ್‌ನಲ್ಲಿ ರಿಯಾಯಿತಿ ಸಿಕ್ಕಿತು, ಅದು ಹೋಗಿದ್ದು 1949ರಲ್ಲಿ. ಛಡಿ ಏಟು 1864ರ ಬೇರೆ ಕಾಯ್ದೆಯ ಮೂಲಕ ವಾಪಸ್ಸು ಬಂತು.

ಹೊಸ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಸಲ ತಪ್ಪಿತಸ್ಥನಾದವನು ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ. ಇನ್ನು 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಗಳ ವಿಚಾರಣೆ ಐಪಿಸಿ ಸೆಕ್ಷನ್‌ಗಳಡಿಯಲ್ಲೇ ನಡೆಯುತ್ತದೆ. ಹಾಗಾಗಿ ತಾಲ್ಲೂಕು ಕೋರ್ಟುಗಳಲ್ಲಿ ಫೋರ್ ಟ್ವೆಂಟಿ, ತ್ರೀ ನಾಟ್ ಟೂ ಕೇಸುಗಳು ಇನ್ನೂ ಹಲವು ವರ್ಷ ಕರೆಗೆ ಬರುತ್ತಲೇ ಇರುತ್ತವೆ.