ಸುಂಕದ ಹೊಡೆತಕ್ಕೆ ಜಗ್ಗದ ಸಾಹಸಿ ಜಮ್‌ಷೆಡ್‌ಜಿ ಟಾಟಾ

ಬೆಂಗಳೂರಿನ ಬಸವನಗುಡಿ ಹಾಗೂ ಜಯನಗರದ ನಡುವೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರಿನ ಬಡಾವಣೆಯೊಂದಿದೆ. ಅಲ್ಲಿ ಈಗ ರೇಷ್ಮೆಯೂ ಇಲ್ಲ, ಹಿಪ್ಪುನೇರಳೆಯ ತೋಟವೂ ಇಲ್ಲ. ಆದರೆ ಆ ಹೆಸರಿನ ಹಿಂದೆ, ಮಾರುಕಟ್ಟೆಯ ಏರಿಳಿತ ಮತ್ತು ಸರ್ಕಾರದ ಸುಂಕ ನೀತಿಯೊಡನೆ ಜೀವನವಿಡೀ ಸೆಣಸಿದ ಉದ್ಯಮಿಯೊಬ್ಬರ ಕಥೆಯಿದೆ. ಅವರೇ ಜಮ್‌ಷೆಡ್‌ಜಿ ನಸರವಾನ್‌ಜಿ ಟಾಟಾ.

1839ರ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ ಅವರ ಜನನ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ 1858ರಲ್ಲಿ ವ್ಯಾಸಂಗ ಮುಗಿಸಿ, ತಂದೆಯ ವ್ಯಾಪಾರಕ್ಕೆ ಹೆಗಲು ಕೊಟ್ಟರು. ಮಾರುಕಟ್ಟೆ ಕಲಿಸಿದ ಮೊದಲ ಪಾಠ ಕಹಿಯಾಗಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ, ಲ್ಯಾಂಕಾಷೈರ್ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಯಿತು. ಮುಂಬಯಿ ಹತ್ತಿಗೆ ಚಿನ್ನದ ಬೆಲೆ ಬಂತು. ಇಡೀ ನಗರವೇ ಸಟ್ಟಾ ವ್ಯಾಪಾರಕ್ಕೆ ಮುಗಿಬಿತ್ತು. 1865ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ಬೆಲೆ ಕುಸಿಯಿತು. ಹತ್ತಿಯ ಹುಂಡಿಗಳೊಡನೆ ಇಂಗ್ಲೆಂಡಿಗೆ ತೆರಳಿದ್ದ ಯುವಕ ಜಮ್‌ಷೆಡ್‌ಜಿಯ ಕೈಯಲ್ಲಿದ್ದ ಕಾಗದಗಳಿಗೆ ಬೆಲೆಯೇ ಇಲ್ಲದಂತಾಯಿತು. ಅವರು ತಲೆ ಮರೆಸಿಕೊಳ್ಳಲಿಲ್ಲ. ಸಾಲಗಾರರ ಮುಂದೆ ನಿಂತು ಪರಿಸ್ಥಿತಿಯನ್ನು ವಿವರಿಸಿದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಿದ ಸಾಲಗಾರರು ಲೆಕ್ಕ ತೀರಿಸುವ ಹೊಣೆಯನ್ನು ಅವರಿಗೇ ವಹಿಸಿದರು.

1868ರಲ್ಲಿ 21 ಸಾವಿರ ರೂಪಾಯಿ ಬಂಡವಾಳದೊಡನೆ ಸ್ವಂತ ವ್ಯಾಪಾರ ಸಂಸ್ಥೆ ಆರಂಭಿಸಿದರು. ಮರುವರ್ಷ ಚಿಂಚ್‌ಪೋಕ್ಲಿಯಲ್ಲಿ ದಿವಾಳಿಯಾಗಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು ಹತ್ತಿ ಗಿರಣಿಯಾಗಿ ಪರಿವರ್ತಿಸಿ, ಎರಡು ವರ್ಷಗಳ ಬಳಿಕ ಲಾಭಕ್ಕೆ ಮಾರಿದರು. ನಂತರ ಲ್ಯಾಂಕಾಷೈರ್‌ಗೆ ಹೋಗಿ ಗಿರಣಿಗಳ ಕೆಲಸವನ್ನು ಹತ್ತಿರದಿಂದ ಅಭ್ಯಸಿಸಿದರು.

ಎಲ್ಲರೂ ಮುಂಬಯಿಯಲ್ಲೇ ಗಿರಣಿ ಕಟ್ಟುತ್ತಿದ್ದಾಗ ಅವರು ಆರಿಸಿಕೊಂಡದ್ದು ದೂರದ ನಾಗಪುರವನ್ನು. ಹತ್ತಿ ಬೆಳೆಯುವ ಪ್ರದೇಶ, ಸಮೀಪದಲ್ಲೇ ಕಲ್ಲಿದ್ದಲು, ಸಾಗಣೆಗೆ ರೈಲು, ಸುತ್ತಲೂ ಕೈಮಗ್ಗದ ನೇಕಾರರು. ಈ ಲೆಕ್ಕಾಚಾರ ತಪ್ಪಲಿಲ್ಲ. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಘೋಷಿಸಿದ ದಿನವೇ, ಎಂಪ್ರೆಸ್ ಮಿಲ್ ಆರಂಭವಾಯಿತು. ಲ್ಯಾಂಕಾಷೈರ್ ಇನ್ನೂ ಅನುಮಾನದಿಂದ ನೋಡುತ್ತಿದ್ದ ರಿಂಗ್ ಕದಿರುಗಳನ್ನು ಅವರು ಇಲ್ಲಿ ಧೈರ್ಯದಿಂದ ಅಳವಡಿಸಿದರು. ಕಾರ್ಮಿಕರಿಗಾಗಿ 1886ರಲ್ಲಿ ಪಿಂಚಣಿ ನಿಧಿ ಸ್ಥಾಪಿಸಿದರು.

ಅದೇ ವರ್ಷ ಅವರು ಇನ್ನೊಂದು ಸಾಹಸಕ್ಕೆ ಇಳಿದರು. ಆಗ ಭಾರತದ ಗಿರಣಿಗಳು ಹೆಚ್ಚಾಗಿ ದಪ್ಪ ನೂಲನ್ನು ತಯಾರಿಸಿ ಚೀನಾಕ್ಕೆ ಕಳುಹಿಸುತ್ತಿದ್ದವು. ದೇಶದ ಅನುಕೂಲಸ್ಥರು ಮಾತ್ರ ಮ್ಯಾಂಚೆಸ್ಟರಿನ ನಯವಾದ ಬಟ್ಟೆಗೆ ಮಾರುಹೋಗಿದ್ದರು. ಗ್ರಾಹಕರ ಈ ಅಭಿರುಚಿಗೆ ಇಲ್ಲಿಯೇ ಉತ್ತರ ನೀಡಬೇಕೆಂದು ನಿರ್ಧರಿಸಿದ ಜಮ್‌ಷೆಡ್‌ಜಿ, ಕುರ್ಲಾದಲ್ಲಿ ನಷ್ಟದಲ್ಲಿದ್ದ ಗಿರಣಿಯನ್ನು ಕೊಂಡು ಸ್ವದೇಶಿ ಎಂದು ಹೆಸರಿಟ್ಟರು. ಬಂಗಾಳದ ಸ್ವದೇಶಿ ಚಳವಳಿಗೆ ಆಗಿನ್ನೂ ಸುಮಾರು ಎರಡು ದಶಕಗಳಿದ್ದವು ಎಂಬುದು ಗಮನಾರ್ಹ. ಹಳೆಯ ಯಂತ್ರಗಳು ವರ್ಷಗಟ್ಟಲೆ ಕಾಡಿದವು. ಸ್ವಂತ ಹಣ ಸುರಿದು, ಎಂಪ್ರೆಸ್ ಮಿಲ್ಲಿನ ಷೇರುಗಳನ್ನು ಮಾರಿ ಅವರು ಗಿರಣಿಯನ್ನು ಉಳಿಸಿಕೊಂಡರು.

ಗಿರಣಿ ಚೇತರಿಸಿಕೊಳ್ಳುವ ಹೊತ್ತಿಗೆ ಸುಂಕದ ಪೆಟ್ಟು ಬಿತ್ತು. ಬೊಕ್ಕಸದ ಕೊರತೆ ತುಂಬಲು ಸರ್ಕಾರ 1894ರಲ್ಲಿ ಆಮದು ಬಟ್ಟೆಗೆ ಶೇ 5ರಷ್ಟು ಸುಂಕ ವಿಧಿಸಿತು. ಇದರಿಂದ ಲ್ಯಾಂಕಾಷೈರ್‌ಗೆ ನಷ್ಟವಾಗಬಾರದೆಂದು 20ನೇ ನಂಬರಿಗಿಂತ ನಯವಾದ ಭಾರತೀಯ ಗಿರಣಿ ನೂಲಿನ ಮೇಲೂ ಅಷ್ಟೇ ಅಬಕಾರಿ ಸುಂಕ ಹೇರಿತು. ಸ್ವದೇಶಿ ಗಿರಣಿ ಪ್ರವೇಶಿಸಲು ಹವಣಿಸುತ್ತಿದ್ದುದೂ ಇದೇ ನಯವಾದ ನೂಲಿನ ಮಾರುಕಟ್ಟೆಯನ್ನು! 1896ರಲ್ಲಿ ನೂಲಿನ ಸುಂಕ ರದ್ದಾಗಿ, ಆಮದು ಬಟ್ಟೆ ಮತ್ತು ದೇಶದ ಗಿರಣಿ ಬಟ್ಟೆ ಎರಡಕ್ಕೂ ಶೇ 3.5ರ ದರ ನಿಗದಿಯಾಯಿತು. ಜಮ್‌ಷೆಡ್‌ಜಿ ಇದನ್ನು ಬಲವಾಗಿ ವಿರೋಧಿಸಿದರು. ಈ ಸುಂಕ ತೆರವಾದದ್ದು 1925ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಸಮುದ್ರದ ಮೇಲೂ ಹೋರಾಟ ನಡೆದಿತ್ತು. ದೂರಪ್ರಾಚ್ಯಕ್ಕೆ ನೂಲು ಸಾಗಿಸಲು ಬ್ರಿಟಿಷ್ ಹಡಗು ಕಂಪನಿ ಪಿ ಅಂಡ್ ಓ ವಿಪರೀತ ದರ ಪಡೆಯುತ್ತಿತ್ತು. 1893ರಲ್ಲಿ ಜಪಾನಿಗೆ ಹೋದ ಜಮ್‌ಷೆಡ್‌ಜಿ, ಅಲ್ಲಿನ ನಿಪ್ಪಾನ್ ಯೂಸೆನ್ ಕೈಷಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಸ್ವಂತ ಹಡಗು ಮಾರ್ಗ ಆರಂಭಿಸಿದರು. ಎದುರಾಳಿ ಕಂಪನಿ ಟನ್ನಿನ ದರವನ್ನು ಎರಡು ರೂಪಾಯಿಗೂ ಕೆಳಕ್ಕೆ ಇಳಿಸಿತು. ಮೊದಲು ಬೆಂಬಲ ನೀಡಿದ್ದ ವ್ಯಾಪಾರಿಗಳೇ ಅಗ್ಗದ ದರಕ್ಕೆ ಒಲಿದು ಕೈಬಿಟ್ಟರು. ಟಾಟಾ ಹಡಗು ಮಾರ್ಗ ಮುಚ್ಚಿತು. ಆದರೆ ಜಪಾನಿ ಕಂಪನಿಯ ಮುಂಬಯಿ ಸಂಚಾರ ಮುಂದುವರಿದು, ಏಕಸ್ವಾಮ್ಯ ಮುರಿಯಿತು.

ಜಪಾನಿನ ರೇಷ್ಮೆ ಕೃಷಿಯೂ ಅವರನ್ನು ಆಕರ್ಷಿಸಿತ್ತು. ಮೈಸೂರು ಸಂಸ್ಥಾನದ ರೇಷ್ಮೆ ಆಗ ಹುಳುಗಳ ರೋಗದಿಂದ ನೆಲಕಚ್ಚಿತ್ತು. ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ರೇಷ್ಮೆ ತೋಟ ಸ್ಥಾಪಿಸಿ, ಜಪಾನಿನಿಂದ ತಜ್ಞರನ್ನು ಕರೆತಂದರು. ಬಡಾವಣೆಯ ಹೆಸರು ಅದರ ಕುರುಹು. ಬೆಂಗಳೂರಿನೊಡನೆ ಅವರ ನಂಟು ಇಷ್ಟಕ್ಕೇ ಮುಗಿಯಲಿಲ್ಲ. 1898ರಲ್ಲಿ ವಿಜ್ಞಾನ ಸಂಸ್ಥೆಗಾಗಿ 30 ಲಕ್ಷ ರೂಪಾಯಿ ಮೌಲ್ಯದ ಆಸ್ತಿ ನೀಡಲು ಮುಂದಾದರು. ಮೈಸೂರು ಅರಸರು ನೀಡಿದ 371 ಎಕರೆ ಜಮೀನಿನಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು.

ಅಷ್ಟರಲ್ಲಿ ಅವರು ಇಲ್ಲವಾಗಿದ್ದರು. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ನಿಧನರಾದರು. ಉಕ್ಕಿನ ಕಾರ್ಖಾನೆಯ ಅವರ ಕನಸಿಗೆ ಲಂಡನ್ನಿನ ಹಣ ಮಾರುಕಟ್ಟೆ ಬೆನ್ನು ತಿರುಗಿಸಿತು. ಆದರೆ 1907ರಲ್ಲಿ ಸ್ವದೇಶಿ ಹುರುಪಿನಲ್ಲಿದ್ದ ಭಾರತೀಯರೇ ಕೆಲವೇ ವಾರಗಳಲ್ಲಿ ಬಂಡವಾಳ ಒದಗಿಸಿದರು. 1912ರಲ್ಲಿ ಜಮ್‌ಷೆಡ್‌ಪುರದಲ್ಲಿ ಉಕ್ಕು ತಯಾರಾಯಿತು. ಮೊದಲ ಮಹಾಯುದ್ಧದ ನಂತರ ಅಗ್ಗದ ವಿದೇಶಿ ಉಕ್ಕಿನಿಂದ ಕಂಪನಿ ಮುಳುಗುವ ಹಂತ ತಲುಪಿದಾಗ, ಅದೇ ಬ್ರಿಟಿಷ್ ಸರ್ಕಾರ 1924ರಲ್ಲಿ ಕಾಯ್ದೆ ತಂದು ರಕ್ಷಣಾ ಸುಂಕ ನೀಡಿತು. ಮೂವತ್ತು ವರ್ಷಗಳ ಹಿಂದೆ ಜಮ್‌ಷೆಡ್‌ಜಿಯ ನೂಲಿಗೆ ಸಿಗದಿದ್ದ ಆಸರೆ ಅವರ ಉಕ್ಕಿಗೆ ದೊರೆಯಿತು.