ಮರದ ಸುಟ್ಟ ಗಾಯ ಓದಿದ ಅಧಿಕಾರಿ

ನಾನು ಬಿಎಸ್ಸಿ ಫಾರೆಸ್ಟ್ರಿ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಪಾಠದಲ್ಲಿ ಆಲ್ಡೊ ಲಿಯೋಪೋಲ್ಡ್ ಹೆಸರು ಬರುವುದು ವನ್ಯಜೀವಿ ನಿರ್ವಹಣೆಯ ಅಧ್ಯಾಯದಲ್ಲಿ, ಎರಡು ಅಂಕದ ಉತ್ತರವಾಗಿ. ನನಗೆ ಅವರು ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ಬೆಂಕಿ ಆರಿಸುವ ಇಲಾಖೆಯ ಸಂಬಳ ಪಡೆಯುತ್ತಲೇ, ಬೆಂಕಿಯ ಬಗ್ಗೆ ಆ ಇಲಾಖೆ ನಂಬಿದ್ದನ್ನು ಅವರು ಪ್ರಶ್ನಿಸಿದರು. ಅದಕ್ಕೂ ನಾಲ್ಕು ವರ್ಷ ಮೊದಲು ಆ ನಂಬಿಕೆಯ ಪರವಾಗಿ ಗಟ್ಟಿಯಾಗಿ ಬರೆದವರೂ ಅವರೇ.

ಲಿಯೋಪೋಲ್ಡ್ ಹುಟ್ಟಿದ್ದು 1887ರ ಜನವರಿ 11ರಂದು, ಅಮೆರಿಕದ ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ಅಪ್ಪನದು ಮೇಜು ತಯಾರಿಸುವ ಕಾರ್ಖಾನೆ. ಮಗ ಹಕ್ಕಿ ನೋಡುತ್ತ ಮಿಸಿಸಿಪ್ಪಿ ದಂಡೆಯಲ್ಲಿ ಅಲೆದವನು. ಯೇಲ್ ಅರಣ್ಯ ಶಾಲೆಯಲ್ಲಿ ಓದಿ 1909ರಲ್ಲಿ ಫಾರೆಸ್ಟ್ ಸರ್ವಿಸ್ ಸೇರಿದರು. ಆ ಶಾಲೆ ಹುಟ್ಟಿದ್ದು ಗಿಫರ್ಡ್ ಪಿಂಚೊ ಕುಟುಂಬದ ದುಡ್ಡಿನಿಂದ. ಪಿಂಚೊಗೆ ಅರಣ್ಯಶಾಸ್ತ್ರದ ದಾರಿ ತೋರಿಸಿದವರು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕ ಡೀಟ್ರಿಕ್ ಬ್ರಾಂಡಿಸ್. ಅವರ ಇಲಾಖೆಗೂ ನಮ್ಮ ಇಲಾಖೆಗೂ ಹೀಗೊಂದು ದೂರದ ನೆಂಟಸ್ತಿಕೆ.

ಮೊದಲ ಪೋಸ್ಟಿಂಗ್ ಅರಿಝೋನಾದ ಅಪಾಚೆ ಅರಣ್ಯಕ್ಕೆ. ಮರುವರ್ಷವೇ, 1910ರ ಆಗಸ್ಟ್‌ನಲ್ಲಿ, ಉತ್ತರದ ಐಡಹೊ, ಮೊಂಟಾನಾ ಕಡೆ ಸುಮಾರು 30 ಲಕ್ಷ ಎಕರೆ ಕಾಡು ಉರಿದು 80ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬೆಂಕಿ ಆರಿಸಲು ಹೋದವರೇ. ಆಮೇಲೆ ಇಲಾಖೆಗೆ ಒಂದೇ ಮಂತ್ರ: ಹೊಗೆ ಎಲ್ಲಿ ಕಂಡರೂ ಆರಿಸಬೇಕು.

ಆಗ ಕ್ಯಾಲಿಫೋರ್ನಿಯಾದಲ್ಲಿ ಕೆಲವರು, ಆಗಾಗ ತರಗೆಲೆಗೆ ಸಣ್ಣ ಬೆಂಕಿ ಕೊಟ್ಟರೆ ದೊಡ್ಡ ಬೆಂಕಿ ತಪ್ಪುತ್ತದೆ, ಅಲ್ಲಿನ ಮೂಲನಿವಾಸಿಗಳೂ ಹಾಗೇ ಮಾಡುತ್ತಿದ್ದರು ಎಂದು ವಾದಿಸುತ್ತಿದ್ದರು. 1920ರಲ್ಲಿ ಲಿಯೋಪೋಲ್ಡ್ ಇದನ್ನು ಖಂಡಿಸಿ ಲೇಖನ ಬರೆದರು. ಶೀರ್ಷಿಕೆಯಲ್ಲೇ ಪೈಯೂಟ್ ಬುಡಕಟ್ಟಿನ ಹೆಸರು ಹಿಡಿದು ಅಣಕ. ಎಳೆ ಸಸಿಗಳು ಸುಟ್ಟುಹೋದರೆ ನಾಳೆಯ ಕಾಡು ಎಲ್ಲಿಂದ ಬರಬೇಕು ಎಂಬುದು ಅವರ ತಕರಾರು. ಇದನ್ನು ತಿಳಿದಾಗ ನನಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆನಪಾದರು. ಬೇಸಿಗೆ ಏರುವ ಮೊದಲೇ ಅವರು ಹಚ್ಚುತ್ತಿದ್ದ ತರಗು ಬೆಂಕಿ, ಬೆಟ್ಟ ಅಭಯಾರಣ್ಯವಾದ ಮೇಲೆ ನಿಂತಿತು. ಈಗ ಅಲ್ಲಿ ಲಂಟಾನ ಆಳೆತ್ತರ ಬೆಳೆದಿದೆ. ಬೆಂಕಿ ನಿಂತಿದ್ದೇ ಅದಕ್ಕೆ ಕಾರಣ ಎನ್ನುತ್ತಾರೆ ಸೋಲಿಗರು.

ಲಿಯೋಪೋಲ್ಡರನ್ನು ಬದಲಿಸಿದ್ದು ತಪಾಸಣೆಯ ತಿರುಗಾಟ. ಮೇಲಧಿಕಾರಿಯಾಗಿ ಅರಿಝೋನಾ, ನ್ಯೂ ಮೆಕ್ಸಿಕೊದ ಅರಣ್ಯಗಳನ್ನು ಒಂದೊಂದಾಗಿ ಸುತ್ತುವಾಗ, ಹಳೆಯ ಜುನಿಪರ್ ಮರಗಳ ಬುಡದಲ್ಲಿ ಸುಟ್ಟ ಗಾಯಗಳು ಕಂಡವು. ನೆಲದ ಬೆಂಕಿ ತೊಗಟೆಯ ಒಂದು ಬದಿಯನ್ನು ಸುಡುತ್ತದೆ. ಮರ ಸಾಯುವುದಿಲ್ಲ, ಅಕ್ಕಪಕ್ಕದಿಂದ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ. ಮತ್ತೆ ಬೆಂಕಿ ಬಂದರೆ ಮತ್ತೊಂದು ಗಾಯ. ಉಂಗುರ ಎಣಿಸಿದರೆ ಯಾವ ವರ್ಷ ಬೆಂಕಿ ಬಿದ್ದಿತ್ತು ಎಂಬುದು ಗೊತ್ತಾಗುತ್ತದೆ. ಹಳೆಯ ಮರಗಳಲ್ಲಿ ಗಾಯ ಇದ್ದವು. ಅವುಗಳ ಸುತ್ತ ಒತ್ತಾಗಿ ಎದ್ದಿದ್ದ ಎಳೆಯ ಗಿಡಗಳಲ್ಲಿ ಇರಲಿಲ್ಲ.

ಕಾರಣ ದನಗಳಲ್ಲಿತ್ತು. 1880ರ ದಶಕದಿಂದ ಅಲ್ಲಿಗೆ ನುಗ್ಗಿದ ದನದ ಹಿಂಡುಗಳು ಹುಲ್ಲನ್ನು ಬುಡದವರೆಗೆ ಮೇಯ್ದವು. ಹುಲ್ಲಿಲ್ಲದೆ ಬೆಂಕಿ ಹರಡಲಿಲ್ಲ. ಬೆಂಕಿಯಿಲ್ಲದೆ ಕುರುಚಲು ಗಿಡ ತಡೆಯಿಲ್ಲದೆ ಎದ್ದಿತು. ಮಣ್ಣು ಹಿಡಿದಿಟ್ಟಿದ್ದ ಹುಲ್ಲು ಹೋಗಿ ಹಳ್ಳಗಳು ಕೊರೆದುಕೊಂಡವು. ಹೆಚ್ಚು ಮೇಯಿಸಿದರೆ ಬೆಂಕಿಯ ಭಯ ಕಡಿಮೆ ಎಂದು ಇಲಾಖೆ ಸಮಾಧಾನಪಟ್ಟುಕೊಂಡಿದ್ದ ಜಾಗದಲ್ಲಿ, ನಿಜವಾದ ನಷ್ಟ ಮಣ್ಣಿನದು ಎಂದು ಅವರು 1924ರಲ್ಲಿ ಅರಣ್ಯಾಧಿಕಾರಿಗಳೇ ಓದುವ ಪತ್ರಿಕೆಯಲ್ಲಿ ಬರೆದರು. ನೌಕರಿಯಲ್ಲಿದ್ದುಕೊಂಡು ಇಷ್ಟು ಬರೆಯಲು ಎದೆಗಾರಿಕೆ ಬೇಕು. ಹಾಗೆಂದು ಎಲ್ಲ ಕಡೆ ಬೆಂಕಿ ಹಚ್ಚಿ ಎಂದು ಅವರು ಹೇಳಲಿಲ್ಲ.

ಅದೇ ವರ್ಷ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ವರ್ಗವಾಯಿತು. ಮುಂದೆ ನೌಕರಿ ಬಿಟ್ಟು, 1933ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ವಿಶ್ವವಿದ್ಯಾಲಯದ ಸಸ್ಯವನದಲ್ಲಿ, ಹಿಂದೆ ಉಳುಮೆಯಾಗಿದ್ದ ನೆಲಕ್ಕೆ ಹಳೆಯ ಪ್ರೇರಿ ಹುಲ್ಲುಗಾವಲನ್ನು ಮರಳಿ ತರುವ ಕೆಲಸ 1935ರಲ್ಲಿ ಶುರುವಾಯಿತು. ನಿರುದ್ಯೋಗಿ ಯುವಕರಿಗಾಗಿ ಸರ್ಕಾರ ನಡೆಸುತ್ತಿದ್ದ ಶಿಬಿರದ ಹುಡುಗರೇ ಅಲ್ಲಿ ಗಿಡ ನೆಟ್ಟರು. ಆದರೆ ಯುರೋಪಿನಿಂದ ಬಂದ ಬ್ಲೂಗ್ರಾಸ್ ಹುಲ್ಲು ಜಾಗ ಬಿಡಲಿಲ್ಲ. 1940ರ ದಶಕದಲ್ಲಿ ಸಸ್ಯವಿಜ್ಞಾನಿ ಜಾನ್ ಕರ್ಟಿಸ್ ಮತ್ತು ಜೊತೆಗಾರರು ಅಳತೆ ಹಾಕಿದ ತುಂಡುಗಳಿಗೆ ಬೆಂಕಿ ಕೊಟ್ಟು ನೋಡಿದರು. ಬ್ಲೂಗ್ರಾಸ್ ವಸಂತದ ಮೊದಲಿಗೇ ಚಿಗುರುವುದರಿಂದ ಬೆಂಕಿಗೆ ಸಿಕ್ಕಿತು. ನೆಲದೊಳಗೆ ಆಳಕ್ಕೆ ಬೇರು ಬಿಟ್ಟು ಇನ್ನೂ ಮಲಗಿದ್ದ ಪ್ರೇರಿ ಗಿಡಗಳು ಆಮೇಲೆ ಎದ್ದವು. ಈ ಸಸ್ಯವನದ ಸಂಶೋಧನೆಗೆ ಹೊಣೆಯಾಗಿದ್ದವರು ಲಿಯೋಪೋಲ್ಡ್.

1935ರಲ್ಲೇ ಅವರು ವಿಸ್ಕಾನ್ಸಿನ್ ನದಿ ಪಕ್ಕ ಪಾಳುಬಿದ್ದ ಮರಳು ಜಮೀನೊಂದನ್ನು ಕೊಂಡರು. ಮನೆ ಎನ್ನಲು ಉಳಿದಿದ್ದು ಒಂದು ಕೋಳಿಗೂಡು. ಗೊಬ್ಬರ ಗುಡಿಸಿ, ಹೆಂಡತಿ ಎಸ್ಟೆಲ್ಲಾ ಮತ್ತು ಐದು ಮಕ್ಕಳೊಂದಿಗೆ ವಾರಾಂತ್ಯ ಅಲ್ಲಿಗೆ ಹೋಗಿ ಸಾವಿರಾರು ಪೈನ್ ಸಸಿ ನೆಟ್ಟರು. 1936ರ ಬರಕ್ಕೆ ಬಹುಪಾಲು ಸತ್ತವು. ಮತ್ತೆ ನೆಟ್ಟರು.

1948ರ ಏಪ್ರಿಲ್ 21ರಂದು ನೆರೆಯ ಜಮೀನಿನಲ್ಲಿ ಬೆಂಕಿ ಕೈತಪ್ಪಿ ಒಣಹುಲ್ಲಿಗೆ ಹತ್ತಿತು. ಗಾಳಿ ಅದನ್ನು ಪೈನ್‌ಗಳ ಕಡೆ ತರಬಹುದಿತ್ತು. ಹೆಂಡತಿ, ಕಿರಿಯ ಮಗಳ ಜೊತೆ ಆರಿಸಲು ಹೋದ ಲಿಯೋಪೋಲ್ಡ್ ಹೃದಯಾಘಾತದಿಂದ ಅಲ್ಲೇ ಬಿದ್ದರು. 61 ವರ್ಷ. ಹಗುರವಾದ ಬೆಂಕಿಯೊಂದು ಅವರ ದೇಹದ ಮೇಲೆ ಹಾದುಹೋಯಿತು. ಈ ಜಮೀನಿನ ಬಗ್ಗೆ ಬರೆದ ಪುಸ್ತಕವನ್ನು ಪ್ರಕಾಶಕರು ಒಪ್ಪಿಕೊಂಡ ಸುದ್ದಿ ಬಂದು ಒಂದು ವಾರವಷ್ಟೇ ಆಗಿತ್ತು. ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಹೆಸರಲ್ಲಿ ಅದು 1949ರಲ್ಲಿ ಬಂತು. ಬೆಂಕಿ ಬೇಕು ಎಂದವರು ಬೆಂಕಿ ಆರಿಸುತ್ತ ಸತ್ತರಲ್ಲ ಎಂದು ಗೆಳೆಯನೊಬ್ಬ ನಕ್ಕ. ನನಗೆ ಅದರಲ್ಲಿ ವಿರೋಧಾಭಾಸ ಕಾಣಲಿಲ್ಲ. ಅಳತೆ ಹಾಕಿ ಹಚ್ಚಿದ ಬೆಂಕಿ ಬೇರೆ, ಕೈತಪ್ಪಿ ಎಳೆಯ ಪೈನ್‌ಗಳತ್ತ ಓಡುವ ಬೆಂಕಿ ಬೇರೆ.

1963ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ ಬೆಂಕಿಯನ್ನು ಮರಳಿ ತರಬೇಕೆಂದು ಸಮಿತಿಯೊಂದು ವರದಿ ಕೊಟ್ಟಿತು. 1968ರಲ್ಲಿ ಉದ್ಯಾನ ಇಲಾಖೆ ತನ್ನ ನಿಯಮ ಬದಲಿಸಿತು. ಆ ಸಮಿತಿಯ ಅಧ್ಯಕ್ಷ ಸ್ಟಾರ್ಕರ್ ಲಿಯೋಪೋಲ್ಡ್, ಆಲ್ಡೊ ಅವರ ಹಿರಿಯ ಮಗ.